ಗೋಪಾಚಲ ದರ್ಶನ

ಉತ್ತರ ದೇಶದ ಯಾತ್ರೆಗೆ ಹೊರಟ ಕನ್ನಡಿಗರು ದೆಹಲಿ, ಆಗ್ರಾ, ಮಥುರೆಗಳನ್ನು ಕಂಡು ಮರಳುವುದೇ ವಾಡಿಕೆ. ಝಾನ್ಸಿಯಿಂದ ಆಗ್ರಾದತ್ತ ಸಾಗುವ ರೈಲುಮಾರ್ಗದಲ್ಲಿಯೇ ಗ್ವಾಲಿಯರ್ ನಗರವಿದ್ದರೂ ಅಲ್ಲಿ ಇಳಿಯುವವರು ವಿರಳ. ಇಳಿದವರೂ ಬೆಟ್ಟದ ಮೇಲಿನ ಅರಮನೆಯನ್ನೂ ಊರೊಳಗಿನ ಮತ್ತೊಂದು ಅರಮನೆಯನ್ನೂ ನೋಡಿ ಸಂಜೆಯ ಗಾಡಿಗೆ ನಿಲ್ದಾಣ ಸೇರುತ್ತಾರೆ. ಆ ಬೆಟ್ಟದ ಮೈಯಲ್ಲಿ ಶಿಲ್ಪಿಗಳು ತಲೆಮಾರುಗಳ ಕಾಲ ಕಡೆದ ಜಿನಬಿಂಬಗಳ ಮುಂದೆ ವಾಹನಗಳು ನಿಲ್ಲದೆ ಸಾಗಿಬಿಡುತ್ತವೆ. ಗ್ವಾಲಿಯರಿನ ದರ್ಶನ ಆರಂಭವಾಗಬೇಕಾದುದು ಅಲ್ಲಿಂದಲೇ.

ಸುಮಾರು ಮುನ್ನೂರು ಅಡಿ ಎತ್ತರದ, ಮೂರು ಕಿಲೋಮೀಟರಿಗೆ ಸಮೀಪದಷ್ಟು ಉದ್ದದ, ನೆತ್ತಿ ಸಮತಟ್ಟಾದ ಮರಳುಗಲ್ಲಿನ ಬೆಟ್ಟವಿದು. ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಇದಕ್ಕೆ ಗೋಪಗಿರಿ, ಗೋಪಾದ್ರಿ, ಗೋಪಾಚಲ ಎಂಬ ಹೆಸರುಗಳುಂಟು. ಆರನೆಯ ಶತಮಾನದ ಆದಿಯಲ್ಲಿ ಹೂಣ ದೊರೆ ಮಿಹಿರಕುಲನ ಆಳ್ವಿಕೆಯಲ್ಲಿ ಮಾತೃಚೇಟನೆಂಬಾತ ಇಲ್ಲಿ ಸೂರ್ಯದೇವಾಲಯವೊಂದನ್ನು ಕಟ್ಟಿಸಿದನೆಂದು ಶಾಸನ ತಿಳಿಸುತ್ತದೆ. ಅಂದಿನಿಂದ ಪ್ರತೀಹಾರರು, ಕಚ್ಛಪಘಾತರು, ತೋಮರರು, ಲೋದಿಗಳು, ಮೊಗಲರು, ಮರಾಠರು, ಇಂಗ್ಲಿಷರು ಎಲ್ಲರೂ ಈ ಗಿರಿಯನ್ನು ಬಯಸಿದವರೇ, ಒಂದಲ್ಲ ಒಂದು ಕಾಲದಲ್ಲಿ ಪಡೆದವರೇ.

ಪಶ್ಚಿಮದಿಂದ ಕೋಟೆಗೆ ಏರುವ ದಾರಿ ಉರವಾಹಿ ಎಂಬ ಕಣಿವೆಯನ್ನು ಹಾದುಹೋಗುತ್ತದೆ. ಅದರ ಬಂಡೆಗೋಡೆಗಳಲ್ಲಿ ತೀರ್ಥಂಕರರು ಸಾಲುಗೊಂಡು ನಿಂತಿದ್ದಾರೆ. ಇವರಲ್ಲಿ ಎಲ್ಲಕ್ಕೂ ಎತ್ತರವಾದುದು ಆದಿನಾಥನ ಬಿಂಬ, 57 ಅಡಿ. ಇಂತಹ ಶಿಲ್ಪಸಮೂಹಗಳು ಬೆಟ್ಟದ ಸುತ್ತ ಐದು ಕಡೆ ಇವೆ. ತೋಮರ ದೊರೆಗಳಾದ ಡುಂಗರಸಿಂಹ ಮತ್ತು ಆತನ ಮಗ ಕೀರ್ತಿಸಿಂಹನ ಕಾಲದಲ್ಲಿ, 1440ರಿಂದ ಮುಂದಿನ ಸುಮಾರು ಮೂರು ದಶಕಗಳಲ್ಲಿ ಇವುಗಳ ಬಹುಭಾಗ ಸಿದ್ಧವಾಯಿತು. ಹಣವನ್ನು ವೆಚ್ಚ ಮಾಡಿದವರು ನಗರದ ಶ್ರಾವಕರು, ವಿಶೇಷವಾಗಿ ವರ್ತಕರು. ಅರಸರದು ಸಮ್ಮತಿ ಮತ್ತು ಆಶ್ರಯ. ಅಪಭ್ರಂಶ ಭಾಷೆಯ ಮಹಾಕವಿ ರಯಿಧು ಇದೇ ನಗರದಲ್ಲಿ ನೆಲೆಸಿ ಕಾವ್ಯಗಳನ್ನು ರಚಿಸಿದನು. ಉರವಾಹಿಯ ಆದಿನಾಥಬಿಂಬದ ಪ್ರತಿಷ್ಠಾಚಾರ್ಯನೂ ಈತನೇ ಎಂಬುದು ವಿಕ್ರಮ ಸಂವತ್ 1497ರ, ಅಂದರೆ 1440ರ, ಶಾಸನದಿಂದ ತಿಳಿಯುತ್ತದೆ. ಬಿಂಬಕ್ಕೆ ವಿಧಿಯನ್ನು ನೆರವೇರಿಸಿದ ಕೈಯೇ ಕಾವ್ಯವನ್ನೂ ಬರೆದಿತೆಂಬುದು ಸಾಹಿತ್ಯ ಚರಿತ್ರೆಯಲ್ಲಿ ಅಪರೂಪದ ಸಂಗತಿ.

ಕರ್ನಾಟಕದವರಿಗೆ ಈ ತೇದಿ ಮತ್ತೊಂದನ್ನು ನೆನಪಿಗೆ ತರದೆ ಇರದು. ಕಾರ್ಕಳದಲ್ಲಿ ವೀರಪಾಂಡ್ಯನು ಬಾಹುಬಲಿಯನ್ನು ಪ್ರತಿಷ್ಠಾಪಿಸಿದ್ದು 1432ರಲ್ಲಿ. ಎರಡಕ್ಕೂ ನಡುವೆ ಎಂಟೇ ವರ್ಷಗಳ ಅಂತರ. ಎತ್ತರದಲ್ಲಿಯಾದರೋ ಆದಿನಾಥನು ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನಿಗೆ ಒಂದಡಿ ಮಾತ್ರ ಕಡಿಮೆ. ಆದರೆ ಸ್ವಭಾವದಲ್ಲಿ ವ್ಯತ್ಯಾಸವಿದೆ. ಕನ್ನಡ ನಾಡಿನ ಗೊಮ್ಮಟರು ಬೆಟ್ಟದ ನೆತ್ತಿಯ ಬಯಲಿನಲ್ಲಿ ನಾಲ್ಕು ದಿಕ್ಕಿಗೂ ಕಾಣುವಂತೆ ನಿಂತವರು. ಗೋಪಾಚಲದ ಜಿನರು ಬಂಡೆಯಿಂದ ಪೂರ್ತಿಯಾಗಿ ಹೊರಬಂದವರಲ್ಲ. ಬೆನ್ನು ಬೆಟ್ಟಕ್ಕೇ ಅಂಟಿದೆ. ದೂರದಿಂದ ನೋಡಿದವರಿಗೆ ಇವರು ಕಾಣಸಿಗುವುದಿಲ್ಲ.

ಕಣಿವೆಯೊಳಗೆ ಬಂದವನಿಗೆ ಮಾತ್ರ ತಪ್ಪದೆ ಕಂಡರು. 1528ರ ಸೆಪ್ಟೆಂಬರಿನಲ್ಲಿ ಬಾಬರನು ಗ್ವಾಲಿಯರಿಗೆ ಬಂದನು. ಆತನ ಆತ್ಮಕಥೆಯಲ್ಲಿ ಈ ಭೇಟಿಯ ವಿವರ ದೀರ್ಘವಾಗಿಯೇ ಇದೆ. ಮಾನಸಿಂಹನ ಅರಮನೆಯ ಕೆತ್ತನೆಯನ್ನು ಮೆಚ್ಚಿದ್ದಾನೆ. ಇಲ್ಲಿನ ತೋಟದ ಕೆಂಪು ಕಣಗಿಲೆ ಹೂವಿಗೆ ಮನಸೋತು ಗಿಡಗಳನ್ನು ಆಗ್ರಾಕ್ಕೆ ಒಯ್ದು ನೆಡಿಸಿದ್ದಾನೆ. ಅದೇ ಲೇಖನಿಯಿಂದಲೇ, ಉರವಾಹಿಯ ನಗ್ನ ಬಿಂಬಗಳು ಈ ಸ್ಥಳಕ್ಕೆ ಕೊರತೆಯೆಂದೂ ಅವುಗಳನ್ನು ನಾಶಗೊಳಿಸಲು ತಾನು ಆಜ್ಞಾಪಿಸಿದೆನೆಂದೂ ಬರೆದಿದ್ದಾನೆ. ಹೂವನ್ನು ಕಾಪಾಡಿದವನೂ ಬಿಂಬವನ್ನು ಒಡೆಸಿದವನೂ ಒಬ್ಬನೇ. ಇತಿಹಾಸದ ಪುರುಷರನ್ನು ಒಂದೇ ಬಣ್ಣದಲ್ಲಿ ಚಿತ್ರಿಸುವವರು ಈ ಪುಟಗಳನ್ನು ಓದಬೇಕು.

ಆಜ್ಞೆ ಪೂರ್ಣವಾಗಿ ಜಾರಿಗೆ ಬರಲಿಲ್ಲ. ಅಷ್ಟೆತ್ತರದ ಶಿಲೆಯನ್ನು ನಿರ್ನಾಮ ಮಾಡುವುದು ಸುಲಭದ ಕೆಲಸವಲ್ಲ. ಮುಖಗಳನ್ನೂ ಅಂಗಗಳನ್ನೂ ವಿರೂಪಗೊಳಿಸಿ ಬಿಟ್ಟರು. ಅನಂತರದ ಕಾಲದಲ್ಲಿ ಶ್ರಾವಕರು ಗಾರೆಯಿಂದ ಹಲವು ಮುಖಗಳನ್ನು ಮತ್ತೆ ರೂಪಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪುರಾತತ್ತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಂ ಈ ಬಣ್ಣದ ಗಾರೆಯ ದುರಸ್ತಿಯನ್ನು ಗುರುತಿಸಿದ್ದಾನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮುಖ್ಯಾಂಗ ಭಗ್ನವಾದ ಬಿಂಬ ಪೂಜೆಗೆ ಸಲ್ಲದೆಂಬುದು ಪರಂಪರೆಯ ಮಾತು. ಬಸದಿಯೊಳಗಿನ ಬಿಂಬವಾದರೆ ಅದನ್ನು ವಿಧಿಪೂರ್ವಕವಾಗಿ ವಿಸರ್ಜಿಸಿ ಹೊಸದನ್ನು ಪ್ರತಿಷ್ಠಾಪಿಸಬಹುದು. ಬೆಟ್ಟದ ಭಾಗವೇ ಆಗಿರುವ ಐವತ್ತೇಳು ಅಡಿಯ ಜಿನನನ್ನು ಎಲ್ಲಿಗೆ ಒಯ್ಯುವುದು? ಗಾರೆಯ ಮುಖ ಮೂಲ ಶಿಲ್ಪಿಯ ಕಲೆಗೆ ಸಮನಲ್ಲವೆಂದು ಕಲಾವಿಮರ್ಶಕರು ಆಕ್ಷೇಪಿಸಬಹುದು. ಅದು ನಿಜವೂ ಹೌದು. ಆದರೂ ಒಡೆದುದನ್ನು ಬಿಟ್ಟುಹೋಗದೆ ಕೈಲಾದಷ್ಟನ್ನು ಸರಿಪಡಿಸಿದ ಆ ಹೆಸರಿಲ್ಲದ ಶ್ರಾವಕರ ಕೆಲಸವೂ ರಯಿಧುವಿನ ಪ್ರತಿಷ್ಠೆಯಷ್ಟೇ ಈ ಬೆಟ್ಟದ ಚರಿತ್ರೆಗೆ ಸೇರಿದುದು. ಹೊಸ ಗಾರೆ ಬಳಿದು ಎಲ್ಲವನ್ನೂ ನುಣುಪು ಮಾಡಹೊರಟರೆ ಮಾತ್ರ ಗಾಯವೂ ಮಾಯುತ್ತದೆ, ಸಾಕ್ಷ್ಯವೂ ಅಳಿಯುತ್ತದೆ.

ಕೋಟೆಯ ಮೇಲೆ ಮೊದಲು ಗಮನ ಸೆಳೆಯುವುದು ತೇಲಿ ಕಾ ಮಂದಿರ. ಪ್ರತೀಹಾರರ ಕಾಲದ ಈ ಉನ್ನತ ದೇವಾಲಯದ ನೆತ್ತಿ ಉತ್ತರದ ಶಿಖರಗಳಂತೆ ಮೊನಚಾಗಿರದೆ, ದಕ್ಷಿಣದ ಗೋಪುರಗಳ ತುದಿಯಂತೆ ಬಂಡಿಯ ಕಮಾನಿನ ಆಕಾರದಲ್ಲಿದೆ. ತೇಲಿ ಎಂದರೆ ಎಣ್ಣೆಯ ಗಾಣಿಗ; ತೆಲಂಗಾಣದಿಂದ ಈ ಹೆಸರು ಬಂದಿತೆನ್ನುವವರೂ ಇದ್ದಾರೆ. ಅತ್ತ ಪೂರ್ವದ ಅಂಚಿನಲ್ಲಿ ಅತ್ತೆ-ಸೊಸೆ ಎಂಬರ್ಥದ ಸಾಸ್-ಬಹೂ ದೇವಾಲಯಗಳಿವೆ. ಸಹಸ್ರಬಾಹು ಎಂಬುದೇ ಜನರ ಬಾಯಲ್ಲಿ ಹೀಗಾಯಿತೆಂದು ಹೇಳುತ್ತಾರೆ. 1093ರಲ್ಲಿ ಕಚ್ಛಪಘಾತ ಮಹೀಪಾಲನು ಪೂರ್ಣಗೊಳಿಸಿದ ಈ ವಿಷ್ಣು ದೇವಾಲಯದ ಸಂಸ್ಕೃತ ಶಾಸನವನ್ನು ಲಿಪಿಗೊಳಿಸಿದವನು ದಿಗಂಬರನಾದ ಯಶೋದೇವ. ಅಂದಿನ ಪರಸ್ಪರ ಗೌರವಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಪೂರ್ವದ ಕಾಲ್ದಾರಿಯಲ್ಲಿ ಇಳಿಯುವಾಗ ಒಂದೇ ಬಂಡೆಯಲ್ಲಿ ಕಡೆದ ಪುಟ್ಟ ಚತುರ್ಭುಜ ಗುಡಿ ಸಿಗುತ್ತದೆ. ಅವಸರದವರು ಇದನ್ನು ಗಮನಿಸುವುದೇ ಇಲ್ಲ. ಸುಮಾರು 876ರ ಇಲ್ಲಿನ ಶಾಸನದಲ್ಲಿ 270 ಹಸ್ತ ಉದ್ದ, 187 ಹಸ್ತ ಅಗಲದ ಹೂದೋಟವೊಂದರ ದಾನವನ್ನೂ, ದೇವರಿಗೆ ದಿನವೂ ಸಲ್ಲಬೇಕಾದ 50 ಹೂಮಾಲೆಗಳನ್ನೂ ಹೇಳಿದೆ. ಆ 270 ಮತ್ತು 50ರಲ್ಲಿರುವ ಸೊನ್ನೆಗಳು ಭಾರತದ ಶಿಲಾಲೇಖಗಳಲ್ಲಿ ನಿಸ್ಸಂದೇಹವಾಗಿ ಕಾಲ ತಿಳಿದಿರುವ ಅತ್ಯಂತ ಹಳೆಯ ಸೊನ್ನೆಗಳ ಪೈಕಿ ಸೇರಿವೆ. ಹೂವಾಡಿಗರ ಲೆಕ್ಕದಲ್ಲಿ ಉಳಿದುಬಂದ ಗಣಿತವಿದು.

ಮಾನಸಿಂಹ ತೋಮರನು (1486–1516) ಕಟ್ಟಿಸಿದ ಮಾನಮಂದಿರದ ಹೊರಗೋಡೆಯ ನೀಲಿ, ಹಳದಿ, ಹಸಿರು ಬಿಲ್ಲೆಗಳಲ್ಲಿ ಆನೆ, ಬಾತು, ಬಾಳೆಯ ಗಿಡಗಳ ಚಿತ್ತಾರ ಇನ್ನೂ ಹೊಳೆಯುತ್ತಿದೆ. ಮೊಗಲರು ಈ ಕೋಟೆಯನ್ನು ರಾಜಬಂಧಿಗಳ ಸೆರೆಮನೆಯಾಗಿಸಿದರು. ಸಿಖ್ಖರ ಗುರು ಹರಗೋಬಿಂದರು ಇಲ್ಲಿ ಬಂಧನದಲ್ಲಿದ್ದರು. ಔರಂಗಜೇಬನ ತಮ್ಮ ಮುರಾದನ ತಲೆ 1661ರಲ್ಲಿ ಇಲ್ಲಿಯೇ ಉರುಳಿತು. ಬೆಟ್ಟದ ಬುಡದಲ್ಲಿ ಮಾನಸಿಂಹನು ಮೃಗನಯನಿಗಾಗಿ ಕಟ್ಟಿಸಿದ ಗುಜರಿ ಮಹಲು ಈಗ ಪುರಾತತ್ತ್ವ ವಸ್ತುಸಂಗ್ರಹಾಲಯವಾಗಿದೆ.

ಮಾನಸಿಂಹನ ಆಸ್ಥಾನದಲ್ಲಿ ಧ್ರುಪದ ಗಾಯನ ಬೆಳೆಯಿತು. ತಾನಸೇನನ ಸಮಾಧಿ ಇದೇ ಊರಿನಲ್ಲಿ, ಸೂಫಿ ಸಂತ ಮುಹಮ್ಮದ್ ಗೌಸರ ಗೋರಿಯ ಮಗ್ಗುಲಲ್ಲಿದೆ. ಗೌಸರ ಗೋರಿಯ ಶಿಲಾಜಾಲರಿಗಳ ವೈಭವದ ಮುಂದೆ ತಾನಸೇನನದು ತೀರ ಸರಳ. ಅದರ ಬಳಿಯ ಹುಣಿಸೆಯ ಎಲೆಯನ್ನು ಅಗಿದರೆ ಕಂಠ ಇಂಪಾಗುವುದೆಂಬ ನಂಬಿಕೆ ಗಾಯಕರಲ್ಲಿತ್ತು. ಗದಗಿನ ಬಾಲಕ ಭೀಮಸೇನ ಜೋಶಿ ಮನೆಬಿಟ್ಟು ಗುರುವನ್ನರಸುತ್ತ ಬಂದು ಇಲ್ಲಿನ ಮಾಧವ ಸಂಗೀತ ವಿದ್ಯಾಲಯದಲ್ಲಿ ಕಲಿತದ್ದನ್ನು ಕನ್ನಡಿಗರು ಮರೆಯುವಂತಿಲ್ಲ. 2023ರಲ್ಲಿ ಯುನೆಸ್ಕೋ ಈ ಊರನ್ನು ಸಂಗೀತದ ಸೃಜನಶೀಲ ನಗರವೆಂದು ಗುರುತಿಸಿತು.

ಸಿಂಧಿಯಾ ಮನೆತನದ ಜಯವಿಲಾಸ ಅರಮನೆ 1874ರದು. ದರ್ಬಾರು ಸಭಾಂಗಣದ ಎರಡು ತೂಗುದೀಪಗಳ ತೂಕ ತಲಾ ಮೂರೂವರೆ ಟನ್ನು. ಅವುಗಳನ್ನು ತೂಗುಬಿಡುವ ಮೊದಲು ಚಾವಣಿಯ ಮೇಲೆ ಆನೆಗಳನ್ನು ನಡೆಸಿ ಪರೀಕ್ಷಿಸಿದರೆಂಬ ಕಥೆಯನ್ನು ಮಾರ್ಗದರ್ಶಿಗಳು ಉತ್ಸಾಹದಿಂದ ಹೇಳುತ್ತಾರೆ. ಫೂಲ್‌ಬಾಗಿನಲ್ಲಿ 1858ರ ಜೂನಿನಲ್ಲಿ ಹೋರಾಡುತ್ತ ಮಡಿದ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಸಮಾಧಿಯಿದೆ.

ಫೂಲ್‌ಬಾಗಿನಿಂದ ಬೆಟ್ಟದ ಆಗ್ನೇಯ ಮಗ್ಗುಲಿಗೆ ಹೆಚ್ಚು ದೂರವಿಲ್ಲ. ಜನರು ಇಂದು ಗೋಪಾಚಲ ಪರ್ವತವೆಂದು ಕರೆಯುವುದು ವಿಶೇಷವಾಗಿ ಈ ಭಾಗವನ್ನೇ. ಬಂಡೆಯನ್ನೇ ಕೊರೆದ ‘ಏಕ್ ಪತ್ಥರ್ ಕೀ ಬಾವಡಿ’ಯ ಸಮೀಪದಲ್ಲಿ, ಗವಿಗಳ ಸಾಲಿನಲ್ಲಿ ಪದ್ಮಾಸನದಲ್ಲಿ ಕುಳಿತ ಪಾರ್ಶ್ವನಾಥನಿದ್ದಾನೆ, ಎತ್ತರ ಸುಮಾರು 42 ಅಡಿ. ಕಾರ್ಕಳದ ಗೊಮ್ಮಟ ನಿಂತಷ್ಟು ಎತ್ತರಕ್ಕೆ ಈತ ಕುಳಿತಿದ್ದಾನೆ. ಸುತ್ತಲಿನ ಬಿಂಬಗಳಲ್ಲಿ ಹಲವು ಮುಖ ಕಳೆದುಕೊಂಡಿವೆ. ಈ ಬಿಂಬವನ್ನು ಒಡೆಯಲು ಬಂದವರಿಗೆ ಕೈ ಏಳಲಿಲ್ಲವೆಂದು ಸ್ಥಳೀಯರು ನಂಬುತ್ತಾರೆ. ಇದನ್ನು ನೋಡಬೇಕಾದುದು ಮುಂಜಾನೆ, ಬಿಸಿಲು ಬಂಡೆಯ ಮೇಲೆ ನೇರವಾಗಿ ಬೀಳುವ ಹೊತ್ತಿನಲ್ಲಿ.