ದರಿಯಾ ದೌಲತ್ತಿನ ಪಾಲನೆ

ಮನೆಯನ್ನು ಕಟ್ಟುವುದು ಒಂದು ಸಾಹಸ; ಕಟ್ಟಿದ ಮನೆಯನ್ನು ಕಾಪಾಡಿಕೊಳ್ಳುವುದು ಮತ್ತೊಂದು ಸಾಹಸ. ಮೊದಲನೆಯದರ ಕೀರ್ತಿಯನ್ನು ಚರಿತ್ರಕಾರರು ಶ್ರದ್ಧೆಯಿಂದ ಬರೆದಿಡುತ್ತಾರೆ; ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ವಿರಳ. ಅದರಲ್ಲಿಯೂ ವರ್ಷದ ಕೆಲವು ತಿಂಗಳು ಮಾತ್ರ ವಾಸಕ್ಕೊದಗುವ ವಿಹಾರಗೃಹದ ಪಾಲನೆ ಬಹು ಕಷ್ಟವಾದುದು. ನಿತ್ಯವಾಸದ ಮನೆಯ ಮಾಡು ಸೋರಿದರೆ ಅದು ಆ ರಾತ್ರಿಯೇ ಮನೆಯವರನ್ನು ಎಬ್ಬಿಸುವುದು. ಬೀಗ ಹಾಕಿದ ಮನೆಯಲ್ಲಿ ಅದೇ ಸೋರಿಕೆಯು ಮಳೆಗಾಲವೆಲ್ಲ ಯಾರ ಕಣ್ಣಿಗೂ ಬೀಳದೆ ತೊಲೆಗಳನ್ನು ಕೊಳೆಯಿಸುವುದು. ಈ ಮಾತನ್ನು ಮನಗಾಣಲು ಶ್ರೀರಂಗಪಟ್ಟಣದ ದರಿಯಾ ದೌಲತ್ತು ಉತ್ತಮ ನಿದರ್ಶನವಾಗಿದೆ.

ಕ್ರಿ. ಶ. 1784ರಲ್ಲಿ ಟಿಪ್ಪು ಸುಲ್ತಾನನು ಕೋಟೆಯ ಹೊರಗೆ, ಕಾವೇರಿಯ ಉತ್ತರದ ಕವಲಿನ ದಡದಲ್ಲಿರುವ ತೋಟದಲ್ಲಿ, ಬೇಸಗೆಯ ವಿಹಾರಕ್ಕೆಂದು ಇದನ್ನು ಕಟ್ಟಿಸಿದನು. 'ಸಮುದ್ರದ ಸಿರಿ' ಎಂಬುದು ಹೆಸರಿನ ಅರ್ಥ. ಅರಮನೆಯೆಂದು ಕರೆಯಿಸಿಕೊಂಡರೂ ಗಾತ್ರದಲ್ಲಿ ಚಿಕ್ಕದು. ಬಹುಭಾಗ ಮರದ ಕೆಲಸ. ಎತ್ತರವಾದ ಜಗಲಿಯ ಮೇಲೆ, ಸುತ್ತಲೂ ಮರದ ಕಂಬಗಳ ಪಡಸಾಲೆ. ಒಳಚಾವಣಿಯ ಹಲಗೆಗಳಿಗೆ ಹೂಬಳ್ಳಿಗಳನ್ನು ಚಿತ್ರಿಸಿದ ಬಟ್ಟೆಯನ್ನು ಅಂಟಿಸಿದೆ. ಪಡುವಣ ಗೋಡೆಯ ಮೇಲೆ, 1780ರಲ್ಲಿ ಹೈದರನೂ ಟಿಪ್ಪುವೂ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೇನೆಯನ್ನು ಮುರಿದ ಕಾಳಗದ ಚಿತ್ರವಿದೆ.

ಮರ, ಬಟ್ಟೆ, ಬಣ್ಣ ಈ ಮೂರಕ್ಕೂ ನೀರೇ ವೈರಿ. ನದಿಯ ದಡದ ತಂಪನ್ನು ಬಯಸಿ ಕಟ್ಟಿದ ಮನೆಗೆ ಆ ತಂಪಿನೊಡನೆ ಬರುವ ಶೀತವೂ ತಪ್ಪುವುದಿಲ್ಲ. ಮುಂಗಾರಿಗೆ ಮೊದಲು ಮಾಳಿಗೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಬೇಕು. ದೋಣಿಗಳಲ್ಲಿ ಸೇರಿದ ತರಗೆಲೆಯನ್ನು ತೆಗೆದು ನೀರು ಹರಿಯುವಂತೆ ಮಾಡಬೇಕು. ಮಳೆ ನಿಂತ ಮೇಲೆ ಬಾಗಿಲುಗಳನ್ನು ತೆರೆದು ಗಾಳಿಯಾಡಿಸಬೇಕು; ಗೆದ್ದಲಿನ ಮಣ್ಣು ಕಂಬದ ಬುಡಕ್ಕೆ ಏರಿತೇ ಎಂದು ನೋಡಬೇಕು; ಸಂದುಗಳಲ್ಲಿ ಸೇರುವ ಬಾವಲಿ, ಪಾರಿವಾಳಗಳನ್ನು ಹೊರಗಟ್ಟಬೇಕು. ಇವುಗಳಲ್ಲಿ ಒಂದೂ ದೊಡ್ಡ ಕೆಲಸವಲ್ಲ. ಆದರೆ ಒಂದು ವರ್ಷ ಬಿಟ್ಟ ಚಿಕ್ಕ ಕೆಲಸವು ಮರುವರ್ಷ ದೊಡ್ಡದಾಗಿ ಎದುರು ನಿಲ್ಲುವುದು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು; ಟಿಪ್ಪುವು ಮಡಿದನು. ಕೋಟೆಯೊಳಗಿದ್ದ ಲಾಲ್ ಮಹಲೆಂಬ ದೊಡ್ಡ ಅರಮನೆಯನ್ನು ಮುಂದೆ ಕೆಡವಿಹಾಕಿದರು. ಈಗ ಅಲ್ಲಿ ಉಳಿದಿರುವುದು ತಳಪಾಯದ ಗುರುತು ಮಾತ್ರ. ಸುಲ್ತಾನನ ಅರಮನೆಯ ತೊಲೆಗಳು ಬೆಟ್ಟವನ್ನೇರಿ, 1830ರಲ್ಲಿ ಪ್ರತಿಷ್ಠೆಯಾದ ಉದಕಮಂಡಲದ ಸಂತ ಸ್ಟೀಫನ್ನರ ಇಗರ್ಜಿಗೆ ಸೇರಿದುವು. ದರಿಯಾ ದೌಲತ್ತಿಗೆ ಮಾತ್ರ ಆ ಗತಿ ಬರಲಿಲ್ಲ. ಮುಂದೆ ವೆಲಿಂಗ್ಟನ್ನಿನ ಡ್ಯೂಕನೆಂದು ಪ್ರಸಿದ್ಧನಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಅಲ್ಲಿ ಬಿಡಾರ ಮಾಡಿದನು. ಮುತ್ತಿಗೆಗೆ ಮುಂಚೆಯೇ ಕೆಟ್ಟಿದ್ದ ಚಿತ್ರಗಳಿಗೆ ಮತ್ತೆ ಬಣ್ಣ ಹಾಕಿಸಿದನು. ತನ್ನವರ ಸೋಲಿನ ಚಿತ್ರವನ್ನು ಗೆದ್ದವನೇ ದುರಸ್ತು ಮಾಡಿಸಿದುದು ಚರಿತ್ರೆಯ ವಿಚಿತ್ರಗಳಲ್ಲೊಂದು. ವಾಸಿಸುವವನೊಬ್ಬನು ದೊರೆತುದರಿಂದ ಚಿಕ್ಕ ಮನೆಯು ಉಳಿಯಿತೆಂದು ಊಹಿಸಿದರೆ ತಪ್ಪಾಗಲಾರದು.

ಆದರೆ ಪಾಲನೆಯೆಂಬುದು ಕೇವಲ ಕೈಕೆಲಸವಲ್ಲವೆಂಬುದಕ್ಕೆ ಮುಂದಿನ ಸಂಗತಿಯೇ ಸಾಕ್ಷಿ. ವೆಲ್ಲೆಸ್ಲಿಯ ತರುವಾಯ ಆ ಚಿತ್ರಗಳ ಮೇಲೆ ಸುಣ್ಣ ಬಳಿಯಲಾಯಿತು. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯುವುದು ನಮ್ಮ ಮನೆಗಳಲ್ಲೆಲ್ಲ ಶುಭಕಾರ್ಯ. ಅದು ಗೋಡೆಯನ್ನು ಶುಚಿಗೊಳಿಸುವುದೂ ನಿಜ. ಇಲ್ಲಿ ಅದೇ ಶುಭಕಾರ್ಯವು, ಮಳೆಯೂ ಗೆದ್ದಲೂ ಮಾಡದಿದ್ದ ಹಾನಿಯನ್ನು ಮಾಡಿತು. 1855ರಲ್ಲಿ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿಯು ಮೈಸೂರು ಸೀಮೆಗೆ ಬಂದಾಗ ಚಿತ್ರಗಳನ್ನು ಮೊದಲಿನಂತೆ ಬರೆಯಿಸಲು ಆಜ್ಞಾಪಿಸಿದನು. ಪೂರ್ವದ ಚಿತ್ರಗಳನ್ನು ಕಂಡು ನೆನಪಿನಲ್ಲಿಟ್ಟುಕೊಂಡಿದ್ದ ದೇಶೀಯ ಚಿತ್ರಗಾರನೊಬ್ಬನಿಂದ ಆ ಕಾರ್ಯವು ನೆರವೇರಿತು. ಒಬ್ಬ ಮನುಷ್ಯನ ನೆನಪು ಅಳಿದಿದ್ದರೆ ಪೊಲ್ಲಿಲೂರಿನ ಕಾಳಗವು ಆ ಗೋಡೆಯಿಂದ ಶಾಶ್ವತವಾಗಿ ಅಳಿಯುತ್ತಿತ್ತು. ಇಂದು ನೋಡುವವರು ಕಾಣುವುದು 1784ರ ಕುಂಚವನ್ನಷ್ಟೇ ಅಲ್ಲ. ಎರಡು ಸಾರಿ ನಡೆದ ಜೀರ್ಣೋದ್ಧಾರವನ್ನೂ ಹೌದು.

ಈಗ ಈ ಮನೆಯು ಭಾರತದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 1959ರಿಂದ ವಸ್ತುಸಂಗ್ರಹಾಲಯವೂ ಆಗಿದೆ. ಬಿಸಿಲೂ ಎರಚಲೂ ಚಿತ್ರಗಳಿಗೆ ತಾಗದಂತೆ ಪಡಸಾಲೆಯ ಸುತ್ತ ಹಸುರು ಪರದೆಗಳನ್ನು ಇಳಿಬಿಟ್ಟಿರುತ್ತಾರೆ. ಬರುವವರಲ್ಲಿ ಕೆಲವರಿಗೆ, ಅಂದವಾದ ಮನೆಯನ್ನು ಪರದೆಯಿಂದ ಮುಚ್ಚಿರುವರೇಕೆಂದು ಬೇಸರವಾಗಬಹುದು. ಆದರೆ ಕಟ್ಟಿಸಿದ ಸುಲ್ತಾನನಿಗೂ ಬರೆದ ಚಿತ್ರಗಾರನಿಗೂ ಸಲ್ಲುವ ಗೌರವದಲ್ಲಿ ಒಂದು ಪಾಲು, ಹೊತ್ತು ನೋಡಿ ಆ ಪರದೆಯನ್ನು ಇಳಿಸುವ, ಹೆಸರು ತಿಳಿಯದ ಕೈಗಳಿಗೂ ಸಲ್ಲತಕ್ಕದ್ದು.