ಛಾಯಾಚಿತ್ರದಿಂದ ಚಿಟ್ಟೆಗಳನ್ನು ಗುರುತಿಸುವ ಕ್ರಮ: ಪ್ಲೇನ್ ಟೈಗರ್ ಮತ್ತು ಡೇನಾಯ್ಡ್ ಎಗ್‌ಫ್ಲೈ

(ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ
ಜೈವಿಕ ವೈವಿಧ್ಯ ಅಧಿನಿಯಮ, 2002ರ ಮೇರೆಗೆ ಸ್ಥಳೀಯ ಸಂಸ್ಥೆಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುತ್ತವೆ. ಇದಕ್ಕಾಗಿ ಚಿಟ್ಟೆಗಳ (ಪಾತರಗಿತ್ತಿಗಳ) ಛಾಯಾಚಿತ್ರ ನೀಡುವವರು ಹೋಲುವ ಪ್ರಭೇದಗಳ ಹೆಸರನ್ನು ಅದಲುಬದಲಾಗಿ ನಮೂದಿಸಿದಲ್ಲಿ, ಗ್ರಾಮದಲ್ಲಿ ವಾಸ್ತವವಾಗಿ ಇರುವ ಒಂದು ಪ್ರಭೇದವು ದಾಖಲೆಯಿಂದಲೇ ಬಿಟ್ಟುಹೋಗುತ್ತದೆ. ಇದಕ್ಕೆ ಮುಖ್ಯ ಉದಾಹರಣೆಯನ್ನು ಕೆಳಗೆ ವಿವರಿಸಲಾಗಿದೆ.

2. ಹೋಲಿಕೆಗೆ ಕಾರಣ
ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು ಹೊಲದ ಬದು ಹಾಗೂ ರಸ್ತೆ ಬದಿಗಳಲ್ಲಿ ಬೆಳೆಯುವ ಎಕ್ಕದ ಎಲೆಯನ್ನು ತಿನ್ನುತ್ತದೆ. ಎಕ್ಕದ ಹಾಲಿನಲ್ಲಿರುವ ವಿಷಾಂಶ ಚಿಟ್ಟೆಯ ದೇಹದಲ್ಲಿ ಉಳಿಯುವುದರಿಂದ ಪಕ್ಷಿಗಳು ಅದನ್ನು ಬಿಟ್ಟುಬಿಡುತ್ತವೆ. ವಿಷವಿಲ್ಲದ ಡೇನಾಯ್ಡ್ ಎಗ್‌ಫ್ಲೈ ಹೆಣ್ಣು ಇದೇ ರೂಪವನ್ನು ಹೊಂದಿ ರಕ್ಷಣೆ ಪಡೆಯುತ್ತದೆ. ಇಂತಹ ಅನುಕರಣೆಯನ್ನು ಹೆನ್ರಿ ಬೇಟ್ಸ್ 1862ರಲ್ಲಿ ವಿವರಿಸಿದರು.

3. ಪರಿಶೀಲಿಸಬೇಕಾದ ಅಂಶಗಳು
(ಅ) ಎರಡರಲ್ಲೂ ಕಿತ್ತಳೆ ಬಣ್ಣ, ಮುಂರೆಕ್ಕೆಯ ಕಪ್ಪು ತುದಿ ಹಾಗೂ ಬಿಳಿ ಪಟ್ಟಿ ಇರುತ್ತವೆ. ಇವುಗಳಿಂದ ಮಾತ್ರ ನಿರ್ಧರಿಸಬಾರದು.
(ಆ) ಹಿಂರೆಕ್ಕೆಯನ್ನು ನೋಡತಕ್ಕದ್ದು. ಪ್ಲೇನ್ ಟೈಗರ್‌ನಲ್ಲಿ ನಡುಭಾಗದಲ್ಲಿ ಮೂರು ಕಪ್ಪು ಚುಕ್ಕೆಗಳಿದ್ದು, ಗಂಡಿನಲ್ಲಿ ನಾಲ್ಕನೆಯದಾಗಿ ಒಂದು ಗಂಧಗ್ರಂಥಿಯ ಮಚ್ಚೆ ಇರುತ್ತದೆ. ಎಗ್‌ಫ್ಲೈ ಹೆಣ್ಣಿನ ಹಿಂರೆಕ್ಕೆಯ ಮೇಲ್ಮೈಯಲ್ಲಿ ಈ ಗುಂಪು ಇರದೆ, ಮೇಲಂಚಿನ ಬಳಿ ಒಂದೇ ಕಪ್ಪು ಚುಕ್ಕೆ ಕಂಡುಬರುತ್ತದೆ.
(ಇ) ಎಗ್‌ಫ್ಲೈ ಗಂಡು ಕಪ್ಪಾಗಿದ್ದು, ನೇರಳೆ ಅಂಚುಳ್ಳ ಬಿಳಿ ಮಚ್ಚೆಗಳನ್ನು ಹೊಂದಿರುತ್ತದೆ. ಇದು ಪ್ಲೇನ್ ಟೈಗರ್ ಅನ್ನು ಹೋಲುವುದಿಲ್ಲ.
(ಈ) ರೆಕ್ಕೆಯ ನರಗಳ ಉದ್ದಕ್ಕೂ ದಪ್ಪ ಕಪ್ಪು ಗೆರೆಗಳಿದ್ದಲ್ಲಿ ಅದು ಸ್ಟ್ರೈಪ್ಡ್ ಟೈಗರ್ ಆಗಿರುತ್ತದೆ.

4. ಛಾಯಾಚಿತ್ರದ ಕ್ರಮ
ಹಿಂರೆಕ್ಕೆ ಪೂರ್ಣವಾಗಿ ಕಾಣುವಂತೆ, ಸಾಧ್ಯವಾದಲ್ಲಿ ಮೇಲ್ಮೈ ಮತ್ತು ಕೆಳಮೈ ಎರಡರ ಚಿತ್ರಗಳನ್ನೂ ತೆಗೆಯುವುದು. ದಿನಾಂಕ, ಸ್ಥಳ ಹಾಗೂ ಗಿಡದ ಹೆಸರನ್ನು ಬರೆಯುವುದು. ಮರಿಹುಳು ಎಕ್ಕದ ಮೇಲಿತ್ತೇ ಅಥವಾ ಎಗ್‌ಫ್ಲೈನ ಆಹಾರವಾದ ಗೋಣಿ ಸೊಪ್ಪಿನ ಮೇಲಿತ್ತೇ ಎಂಬುದು ಉಪಯುಕ್ತ ಸಾಕ್ಷ್ಯವಾಗುತ್ತದೆ. ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದ ತಿಕೋಟಾ ಮತ್ತು ಬಬಲೇಶ್ವರ ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವುದರಿಂದ, ಕೇವಲ "ವಿಜಯಪುರ" ಎಂದು ಬರೆಯದೆ "ಭೂತನಾಳ ಕೆರೆ" ಅಥವಾ "ಮಮದಾಪುರ ಕೆರೆ, ಬಬಲೇಶ್ವರ ತಾಲ್ಲೂಕು" ಎಂಬಂತೆ ನಿಖರವಾಗಿ ನಮೂದಿಸುವುದು.

5. ಕಾನೂನಿನ ಅಂಶ
ಗುರುತಿಸುವ ಸಲುವಾಗಿ ಚಿಟ್ಟೆಯನ್ನು ಹಿಡಿಯಬಾರದು. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಲ್ಲಿ ಹಿಡಿಯುವುದೂ "ಬೇಟೆ"ಯ ವ್ಯಾಖ್ಯೆಯೊಳಗೆ ಬರುತ್ತದೆ. ಡೇನಾಯ್ಡ್ ಎಗ್‌ಫ್ಲೈ ಈ ಅಧಿನಿಯಮದ ಹಿಂದಿನ ಅನುಸೂಚಿ 1ರಲ್ಲಿತ್ತು. 2022ರ ತಿದ್ದುಪಡಿಯಿಂದ ಅನುಸೂಚಿಗಳು ಪುನರ್‌ರಚನೆಗೊಂಡು 1-4-2023ರಿಂದ ಜಾರಿಗೆ ಬಂದಿವೆ. ಆದುದರಿಂದ ಹಳೆಯ ಕೈಪಿಡಿಗಳಲ್ಲಿನ ಅನುಸೂಚಿ ಸಂಖ್ಯೆಯನ್ನು ಬಳಸದೆ ತಿದ್ದುಪಡಿಯಾದ ಅನುಸೂಚಿಯನ್ನೇ ನೋಡತಕ್ಕದ್ದು.

6. ಸೂಚನೆ
ಹಿಂರೆಕ್ಕೆ ಕಾಣದ ಚಿತ್ರಕ್ಕೆ ಊಹೆಯಿಂದ ಹೆಸರು ನೀಡದೆ "ಪ್ರಭೇದ ಖಚಿತವಾಗಿಲ್ಲ" ಎಂದು ನಮೂದಿಸುವುದು. ಅಂತಹ ಚಿತ್ರವನ್ನು ಮುಂದೆ ತಜ್ಞರು ಪರಿಶೀಲಿಸಬಹುದು. ತಪ್ಪು ಹೆಸರಿನ ಚಿತ್ರವನ್ನು ಯಾರೂ ಮರುಪರಿಶೀಲಿಸದೆ ಹೋಗುವ ಸಂಭವವಿರುತ್ತದೆ. ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.