ಕಬ್ಬಿನ ಜಲ್ಲೆಯಲ್ಲಿ ಕ್ಯಾಂಟರ್

ಹೋದ ಸಂಕ್ರಾಂತಿಗೆ ಹೊಸಹೊಳಲಿಗೆ ಹೋಗಿದ್ದೆ. ಲಕ್ಷ್ಮೀನಾರಾಯಣನ ಗುಡಿ ನೋಡಿಕೊಂಡು ಬಂದು ಮನೆ ಜಗಲಿ ಮೇಲೆ ಕೂತಾಗ ಅಕ್ಕನ ಮಗ ಗಣಿತದ ಮಾತು ತೆಗೆದ. ಕೈಯಲ್ಲಿ ಮೂರಡಿ ಕಬ್ಬಿನ ಜಲ್ಲೆ ಇತ್ತು, ಕ್ಯಾಂಟರ್ ಗಣಕ್ಕೆ ಅಷ್ಟು ಸಾಕು.

ನಡುವಿನ ಒಂದಡಿ ತೆಗೆ. ಉಳಿದ ತುಂಡುಗಳನ್ನು ಕದಲಿಸದೆ, ಒಂದೊಂದರಲ್ಲೂ ನಡುವಿನ ಮೂರನೇ ಒಂದು ಭಾಗ ತೆಗೆ. ಹೀಗೇ ಕೊನೆಯಿಲ್ಲದೆ ತೆಗೆಯುತ್ತಾ ಹೋದರೆ, ತೆಗೆದದ್ದರ ಒಟ್ಟು ಉದ್ದ ಸರಿಯಾಗಿ ಮೂರಡಿ.

"ಹಂಗಾದ್ರೆ ಏನೂ ಉಳಿಯಲ್ಲ ಬಿಡು ಮಾವ" ಅಂದ.

ಉದ್ದ ಉಳಿಯಲ್ಲ, ಬಿಂದುಗಳು ಉಳಿಯುತ್ತವೆ, ಅದೂ ಎಣಿಸಿ ಮುಗಿಸಲಾಗದಷ್ಟು. ಎಡತುದಿಯಿಂದ ಮುಕ್ಕಾಲು ಅಡಿಯಲ್ಲಿರುವ ಬಿಂದುವಿಗೆ ಯಾವತ್ತೂ ಕತ್ತಿ ತಾಗುವುದಿಲ್ಲ. ಎರಡೂಕಾಲು ಅಡಿಯದಕ್ಕೂ ಅಷ್ಟೆ. ಅವೆರಡರ ಅಂತರ ಒಂದೂವರೆ ಅಡಿ.

ಜರ್ಮನಿಯ ಗಿಯೋರ್ಗ್ ಕ್ಯಾಂಟರ್ ಇದನ್ನು ಬರೆದದ್ದು 1883ರಲ್ಲಿ. ಇಂಥ ಗಣಗಳನ್ನು ಇಂಗ್ಲೆಂಡಿನ ಹೆನ್ರಿ ಸ್ಮಿತ್ 1875ರಲ್ಲೇ ಕಟ್ಟಿ ತೋರಿಸಿದ್ದ. ಹೆಸರು ಮಾತ್ರ ಕ್ಯಾಂಟರನಿಗೆ ಹೋಯಿತು. (ನಮ್ಮೂರ ಗುಡಿಗೂ ಕಟ್ಟಿದ ದಿನ ಹೇಳುವ ಶಾಸನವಿಲ್ಲ. ಕೆತ್ತನೆಯ ಶೈಲಿ ನೋಡಿ 13ನೇ ಶತಮಾನ ಅನ್ನುತ್ತಾರೆ.)

ಬೆರಗಿನ ಸಂಗತಿ ಬಂದದ್ದು 1917ರಲ್ಲಿ. ಸೊನ್ನೆಯಿಂದ ಮೂರಡಿವರೆಗೆ ನೀವು ಯಾವ ಅಂತರ ಕೇಳಿದರೂ ಅಷ್ಟು ದೂರದ ಎರಡು ಬಿಂದುಗಳು ಈ ಧೂಳಿನಲ್ಲಿವೆ ಎಂದು ಹ್ಯೂಗೋ ಸ್ಟೈನ್‌ಹೌಸ್ ತೋರಿಸಿದ. ಮೊದಲ ಕಡಿತ ನೋಡಿ: ಒಂದಡಿಯೊಳಗಿನ ಅಂತರಗಳು ಒಂದೇ ತುಂಡಿನಲ್ಲಿ ಸಿಗುತ್ತವೆ, ಒಂದರಿಂದ ಮೂರಡಿವರೆಗಿನವು ಎಡತುಂಡಿಗೂ ಬಲತುಂಡಿಗೂ ನಡುವೆ. ಒಂದೂ ತಪ್ಪಿಲ್ಲ. ಮುಂದಿನ ಪ್ರತಿ ಕಡಿತದಲ್ಲೂ ಇದೇ ಲೆಕ್ಕ ಚಿಕ್ಕದಾಗಿ ಮರುಕಳಿಸುತ್ತದೆ. ತುಂಡುಗಳ ತುದಿಬಿಂದುಗಳನ್ನು ಎಂದೂ ಬಿಸಾಡುವುದಿಲ್ಲವಾದ್ದರಿಂದ, ಎಲ್ಲ ಕಡಿತಗಳಾದ ಮೇಲೂ ಅದು ನಿಲ್ಲುತ್ತದೆ. ಉದ್ದವೆಲ್ಲ ಹೋಯಿತು, ದೂರಗಳೆಲ್ಲ ಉಳಿದವು!

ಸ್ಟೈನ್‌ಹೌಸ್ ಗಟಿಂಗೆನ್‌ನಲ್ಲಿ ಹಿಲ್ಬರ್ಟ್ ಕೈಕೆಳಗೆ ಡಾಕ್ಟರೇಟ್ ಪಡೆದವನು, ಜರ್ಮನ್ ಚೆನ್ನಾಗಿ ಬರುತ್ತಿತ್ತು. ಆದರೂ ಇದನ್ನು ಬರೆದದ್ದು ಪೋಲಿಷ್‌ನಲ್ಲಿ, ಪೋಲೆಂಡ್ ಅನ್ನೋ ಸ್ವತಂತ್ರ ದೇಶ ಇನ್ನೂ ಮರಳಿ ಹುಟ್ಟದ ಹೊತ್ತಿನಲ್ಲಿ. 23 ವರ್ಷದ ನಂತರ, 1940ರಲ್ಲಿ, ಅಮೆರಿಕದ ಜೆ. ಎಫ್. ರ‍್ಯಾಂಡಾಲ್ಫ್ ಅದೇ ಮಾತನ್ನು ತಾನಾಗಿ ಕಂಡುಕೊಂಡು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಪೋಲಿಷ್ ಲೇಖನ ಅಷ್ಟು ದೂರ ಮುಟ್ಟಿರಲಿಲ್ಲ ಅಂತ ಕಾಣುತ್ತೆ.

ಹುಡುಗ ಕಬ್ಬು ಸಿಗಿಯುತ್ತಾ ಕೇಳಿದ: "ಪೋಲಿಷ್‌ದು ನಿಂಗೆ ಹೆಂಗೆ ಗೊತ್ತಾಯ್ತು ಮಾವ?"

"ಇಂಗ್ಲಿಷಿನಲ್ಲಿ ಓದಿದೆ" ಅಂದೆ.

"ಕನ್ನಡದಲ್ಲಿ ಇಲ್ವಾ?"

ಅವತ್ತು ರಾತ್ರಿ ಕೂತು ಇದನ್ನು ಬರೆದೆ.